ಸಕ್ಕರೆಯ ಅಂಕಿಗಿಂತ ಹಳೆಯದಾದ ಕಾಯಿಲೆ

ಟೈಪ್ 2 ಮಧುಮೇಹ ಇದೆಯೆಂದು ವೈದ್ಯರು ಹೇಳಿದ ದಿನವನ್ನೇ ಹೆಚ್ಚಿನವರು ಕಾಯಿಲೆ ಬಂದ ದಿನವೆಂದು ನೆನಪಿಟ್ಟುಕೊಳ್ಳುತ್ತಾರೆ. ಕಳೆದ ಕೆಲವು ತಿಂಗಳ ಊಟವನ್ನೋ, ಇತ್ತೀಚಿನ ಯಾವುದೋ ಚಿಂತೆಯನ್ನೋ ಅದಕ್ಕೆ ಹೊಣೆ ಮಾಡುತ್ತಾರೆ. ದೇಹದ ಲೆಕ್ಕ ಅದಕ್ಕಿಂತ ಬಹಳ ಹಿಂದೆಯೇ ಶುರುವಾಗಿರುತ್ತದೆ. ಬ್ರಿಟನ್ನಿನ 6,538 ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ದಾಖಲಿಸಿದ ವೈಟ್‌ಹಾಲ್ 2 ಅಧ್ಯಯನ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮುಂದೆ ಮಧುಮೇಹ ಪತ್ತೆಯಾದವರಲ್ಲಿ ಇನ್ಸುಲಿನ್‌ಗೆ ದೇಹ ಓಗೊಡುವ ಗುಣ ಅದಕ್ಕೂ 5 ವರ್ಷ ಮೊದಲೇ ವೇಗವಾಗಿ ಕುಸಿಯತೊಡಗಿತ್ತು. ರಕ್ತದ ಸಕ್ಕರೆ ಕಡಿದಾಗಿ ಏರಿದ್ದು ಮಾತ್ರ ಕೊನೆಯ 3 ವರ್ಷಗಳಲ್ಲಿ. ನಡುವಿನ ಅವಧಿಯಲ್ಲಿ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೊರತೆಯನ್ನು ಮುಚ್ಚಿಟ್ಟಿತ್ತು. ಅದು ದಣಿದ ಮೇಲೆ ಸಕ್ಕರೆ ಮೇಲೆದ್ದಿತು.

ಅಂದರೆ ಪರೀಕ್ಷಾ ವರದಿಯಲ್ಲಿ ನಾವು ಮೊದಲ ಬಾರಿ ಕಾಣುವ ಆ ಅಂಕಿ ಕಾಯಿಲೆಯ ಆರಂಭವನ್ನು ಸೂಚಿಸುವುದಿಲ್ಲ, ಅದು ತಡವಾಗಿ ತಲುಪಿದ ಸುದ್ದಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಧುಮೇಹವೆಂದರೆ ಈ ದಿನದ ಸಕ್ಕರೆಯ ಅಂಕಿ, ಅದು ಇಳಿದರೆ ಕಾಯಿಲೆ ಇಳಿಯಿತು, ಏರಿದರೆ ಏರಿತು ಎಂಬ ತಿಳಿವಳಿಕೆಯೇ ಇದರ ನಿರ್ವಹಣೆಯಲ್ಲಿ ಆಗುವ ಬಹುಪಾಲು ತಪ್ಪುಗಳ ಮೂಲ ಎಂದು ನನಗೆ ಅನಿಸುತ್ತದೆ. ಈ ಕಾಯಿಲೆ ಬರುವುದೂ ವರ್ಷಗಳ ಲೆಕ್ಕದಲ್ಲಿ, ಹಾನಿ ಮಾಡುವುದೂ ವರ್ಷಗಳ ಲೆಕ್ಕದಲ್ಲಿ, ಒಳ್ಳೆಯ ಚಿಕಿತ್ಸೆ ಫಲ ಕೊಡುವುದೂ ವರ್ಷಗಳ ಲೆಕ್ಕದಲ್ಲಿಯೇ.

ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇನ್ಸುಲಿನ್ ಒಂದು ಬೀಗದ ಕೈ, ಅದು ಜೀವಕೋಶದ ಬಾಗಿಲು ತೆರೆದು ಗ್ಲೂಕೋಸನ್ನು ಒಳಗೆ ಬಿಡುತ್ತದೆ ಎಂಬ ಹೋಲಿಕೆ ಎಲ್ಲೆಡೆ ಬಳಕೆಯಲ್ಲಿದೆ. ಸ್ನಾಯುಗಳ ಮಟ್ಟಿಗೆ ಅದು ಸರಿಯೇ. ಆದರೆ ಇನ್ಸುಲಿನ್ನಿನ ಇನ್ನೊಂದು ದೊಡ್ಡ ಕೆಲಸವನ್ನು ಈ ಹೋಲಿಕೆ ಮರೆಸಿಬಿಡುತ್ತದೆ. ನಾವು ಉಪವಾಸವಿದ್ದಾಗ ಮಿದುಳಿಗೆ ಗ್ಲೂಕೋಸ್ ಒದಗಿಸುವ ಹೊಣೆ ಯಕೃತ್ತಿನದು. ಅದು ತನ್ನಲ್ಲಿ ಕೂಡಿಟ್ಟ ಗ್ಲೈಕೊಜೆನ್ನನ್ನು ಕರಗಿಸಿ, ಜೊತೆಗೆ ಹೊಸದಾಗಿ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಈ ಉತ್ಪಾದನೆಗೆ ಕಡಿವಾಣ ಹಾಕುವುದು ಇನ್ಸುಲಿನ್. ಯಕೃತ್ತು ಇನ್ಸುಲಿನ್ನಿನ ಮಾತು ಕೇಳದಾದಾಗ, ರಕ್ತದಲ್ಲಿ ಈಗಾಗಲೇ ಸಾಕಷ್ಟು ಗ್ಲೂಕೋಸ್ ಇದ್ದರೂ ಅದು ಇನ್ನಷ್ಟನ್ನು ಸುರಿಯುತ್ತಲೇ ಹೋಗುತ್ತದೆ. ರಾತ್ರಿ ಕಡಿಮೆ ತಿಂದು ಮಲಗಿದರೂ ಬೆಳಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಏಕೆ ಹೆಚ್ಚಿರುತ್ತದೆ ಎಂದು ಕಂಗಾಲಾಗುವವರು ಬಹಳ ಮಂದಿ. ಆ ಸಕ್ಕರೆ ಊಟದ ತಟ್ಟೆಯಿಂದ ಬಂದದ್ದಲ್ಲ, ಅವರ ಯಕೃತ್ತಿನಿಂದಲೇ ಬಂದದ್ದು. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುವುದರಿಂದ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಸಿಗುತ್ತದೆ. ಇದು ಗೊತ್ತಿಲ್ಲದೆ ರಾತ್ರಿಯ ಊಟವನ್ನೇ ಬಿಟ್ಟು ತಮ್ಮನ್ನು ತಾವು ದಂಡಿಸಿಕೊಳ್ಳುವವರನ್ನು ಕಂಡಾಗ, ಈ ಒಂದು ಸಂಗತಿಯನ್ನು ಯಾರಾದರೂ ಅವರಿಗೆ ಮೊದಲೇ ಬಿಡಿಸಿ ಹೇಳಬಾರದಿತ್ತೇ ಎನಿಸುತ್ತದೆ.

ಯಕೃತ್ತು ಹೀಗೆ ಕಿವುಡಾಗುವುದೇಕೆ? ಮಧುಮೇಹಿಗಳಲ್ಲಿ ಇನ್ಸುಲಿನ್‌ಗೆ ಸ್ಪಂದಿಸುವವರು ಮತ್ತು ಸ್ಪಂದಿಸದವರು ಎಂಬ ಎರಡು ಬಗೆಯಿದೆ ಎಂದು ಬ್ರಿಟಿಷ್ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲಿಯೇ ತೋರಿಸಿದ್ದರು. ಅಮೆರಿಕದ ಜೆರಾಲ್ಡ್ ರೀವನ್ 1988ರಲ್ಲಿ ಇನ್ಸುಲಿನ್ ಪ್ರತಿರೋಧವನ್ನು ಏರಿದ ರಕ್ತದೊತ್ತಡ, ಕೆಟ್ಟ ಕೊಬ್ಬಿನಂಶ ಮತ್ತು ಹೃದ್ರೋಗಗಳೊಂದಿಗೆ ಒಂದೇ ದಾರದಲ್ಲಿ ಪೋಣಿಸಿದರು. ಅದರ ಮೂಲಕ್ಕೆ ಇನ್ನಷ್ಟು ಹತ್ತಿರ ಹೋದ ವಿವರಣೆಯನ್ನು ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ 2008ರಲ್ಲಿ ಮುಂದಿಟ್ಟರು. ದೇಹ ಖರ್ಚು ಮಾಡುವುದಕ್ಕಿಂತ ಹೆಚ್ಚು ಶಕ್ತಿ ವರ್ಷಗಟ್ಟಲೆ ಒಳಗೆ ಬರುತ್ತಿದ್ದರೆ ಚರ್ಮದಡಿಯ ಕೊಬ್ಬಿನ ಉಗ್ರಾಣ ತುಂಬಿ, ಮಿಕ್ಕಿದ್ದು ಯಕೃತ್ತಿನೊಳಗೆ ಸೇರುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನನ್ನು ಲೆಕ್ಕಿಸದೆ ಗ್ಲೂಕೋಸನ್ನೂ ಕೊಬ್ಬನ್ನೂ ಹೊರಗೆ ಕಳಿಸುತ್ತದೆ. ಆ ಕೊಬ್ಬಿನ ಒಂದು ಪಾಲು ಮೇದೋಜೀರಕ ಗ್ರಂಥಿಯಲ್ಲಿ ಕೂತು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಮಂಕಾಗಿಸುತ್ತದೆ. ಈ ಎರಡೂ ಚಕ್ರಗಳು ಒಂದನ್ನೊಂದು ತಿರುಗಿಸುತ್ತ ಹೋಗುತ್ತವೆ.

ಚರ್ಮದಡಿಯ ಆ ಉಗ್ರಾಣದ ಗಾತ್ರ ಎಲ್ಲರಿಗೂ ಒಂದೇ ಅಲ್ಲ, ಅದನ್ನು ಬಹುಮಟ್ಟಿಗೆ ವಂಶವಾಹಿಗಳು ನಿರ್ಧರಿಸುತ್ತವೆ. ಆದ್ದರಿಂದಲೇ ಸ್ಥೂಲಕಾಯದ ಎಷ್ಟೋ ಮಂದಿಗೆ ಮಧುಮೇಹ ಬಾರದೆ ಇರುವುದೂ, ನೋಡಲು ತೆಳ್ಳಗಿರುವವರಿಗೆ ಬರುವುದೂ ಸಾಧ್ಯ. ತೂಕದ ಯಂತ್ರ ತೋರಿಸುವ ಸಂಖ್ಯೆಗಿಂತ ಆ ವ್ಯಕ್ತಿಯ ದೇಹ ಎಷ್ಟು ಕೊಬ್ಬನ್ನು ಅಪಾಯವಿಲ್ಲದೆ ಹೊರಬಲ್ಲದು ಎಂಬುದೇ ಮುಖ್ಯ. ಮಧುಮೇಹ ಬಂದವರನ್ನು ಹೊಟ್ಟೆಬಾಕರೆಂದೋ ಸೋಮಾರಿಗಳೆಂದೋ ಹೀಯಾಳಿಸುವುದು ಅಮಾನವೀಯ ಮಾತ್ರವಲ್ಲ, ವೈಜ್ಞಾನಿಕವಾಗಿಯೂ ತಪ್ಪು. ಆ ಹೀಯಾಳಿಕೆಗೆ ಅಂಜಿ ಕಾಯಿಲೆಯನ್ನು ಮುಚ್ಚಿಡುವವರು, ಪರೀಕ್ಷೆಯನ್ನೇ ಮುಂದೂಡುವವರು ಇದ್ದಾರೆ.

ಪರೀಕ್ಷೆಯ ಅಂಕಿಗಳು ಹೀಗಿವೆ. ಕನಿಷ್ಠ 8 ಗಂಟೆಗಳ ಉಪವಾಸದ ನಂತರ ಪ್ರತಿ ಡೆಸಿಲೀಟರ್ ರಕ್ತದಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು, 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗಳ ಬಳಿಕ 200 ಅಥವಾ ಹೆಚ್ಚು, ಕಳೆದ 2–3 ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಹೆಚ್ಚು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಮಧುಮೇಹವೆಂದು ಪರಿಗಣಿಸುತ್ತಾರೆ. ಲಕ್ಷಣಗಳಿಲ್ಲದವರಲ್ಲಿ ಮತ್ತೊಂದು ಪರೀಕ್ಷೆಯಿಂದ ಅದು ಖಚಿತವಾಗಬೇಕು. ಅಮೆರಿಕದ ಮಧುಮೇಹ ಸಂಘದ ಪ್ರಕಾರ ಉಪವಾಸದ ಸಕ್ಕರೆ 100ರಿಂದ 125 ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಮಧುಮೇಹಪೂರ್ವ ಸ್ಥಿತಿ. ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ ವಿಸರ್ಜನೆ ಮೊದಲಾದ ಲಕ್ಷಣಗಳಿಗಾಗಿ ಕಾಯುವುದು ಅಪಾಯಕರ, ಏಕೆಂದರೆ ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಮೂತ್ರಪಿಂಡಗಳು ಗ್ಲೂಕೋಸನ್ನು ಹೊರಗೆ ಬಿಡುವುದೇ ಇಲ್ಲ. ಅಷ್ಟರವರೆಗೆ ದೇಹ ಯಾವ ಕೂಗನ್ನೂ ಹಾಕದೆ ಇರಬಹುದು.

ಎಚ್‌ಬಿಎ1ಸಿ ಕುರಿತು ಎರಡು ಮಾತು. ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಎಷ್ಟು ಗ್ಲೂಕೋಸ್ ಅಂಟಿಕೊಂಡಿದೆ ಎಂಬುದನ್ನು ಈ ಪರೀಕ್ಷೆ ಅಳೆಯುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ ಕಳೆದ 2–3 ತಿಂಗಳ ಸರಾಸರಿ ಅದರಲ್ಲಿ ಕಾಣುತ್ತದೆ. ಶೇಕಡಾ 7 ಎಂದರೆ ಸರಾಸರಿ ಸಕ್ಕರೆ ಸುಮಾರು 154. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಇದನ್ನು ಇಳಿಸಲಾಗದು. ಆದರೆ ಇದೂ ತಪ್ಪಬಹುದು: ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಕೆಂಪು ಕಣಗಳು ಬೇಗ ನಾಶವಾಗುವ ಸ್ಥಿತಿಗಳಲ್ಲಿ ಕಡಿಮೆ ತೋರಿಸಬಹುದು. ಇತ್ತೀಚೆಗೆ ರಕ್ತ ಪಡೆದವರಲ್ಲಿಯೂ ಇದನ್ನು ನೆಚ್ಚುವಂತಿಲ್ಲ. ಮನೆಯಲ್ಲಿ ನೋಡುವ ಸಕ್ಕರೆಗೂ ಎಚ್‌ಬಿಎ1ಸಿಗೂ ತಾಳೆಯಾಗದಿದ್ದರೆ ವೈದ್ಯರೊಂದಿಗೆ ಈ ವಿಷಯ ಎತ್ತಬೇಕು.

ಇನ್ನು ಮುಖ್ಯ ಪ್ರಶ್ನೆ, ಸಕ್ಕರೆಯನ್ನು ಇಳಿಸಿದರೆ ನಿಜಕ್ಕೂ ಏನು ಲಾಭ? ಇದಕ್ಕೆ ಉತ್ತರ ಸಿಕ್ಕ ಬಗೆ ಕುತೂಹಲಕರವಾದದ್ದು, ಅದರಲ್ಲೇ ನಿರ್ವಹಣೆಯ ತಿರುಳೂ ಇದೆ. 1977ರಲ್ಲಿ ಆರಂಭವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಹೊಸದಾಗಿ ಮಧುಮೇಹ ಪತ್ತೆಯಾದ 5,102 ಜನರನ್ನು ಒಳಗೊಂಡಿತ್ತು. ಪತ್ತೆಯಾದ ಹೊತ್ತಿಗೇ ಅವರ ಬೀಟಾ ಕೋಶಗಳ ಸಾಮರ್ಥ್ಯ ಸರಿಸುಮಾರು ಅರ್ಧಕ್ಕೆ ಇಳಿದಿತ್ತು ಎಂಬುದು ಅದರ ಒಂದು ಕಹಿ ಫಲಿತಾಂಶ. 1998ರಲ್ಲಿ ಬಂದ ಮುಖ್ಯ ವರದಿಯ ಪ್ರಕಾರ, ಎಚ್‌ಬಿಎ1ಸಿಯನ್ನು ಸರಾಸರಿ 7.0ರಲ್ಲಿ ಇಟ್ಟುಕೊಂಡವರಿಗೆ 7.9 ಇದ್ದವರಿಗಿಂತ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆ ಶೇಕಡಾ 25ರಷ್ಟು ಕಡಿಮೆಯಾಗಿತ್ತು. ಹೃದಯಾಘಾತದಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಆಗ ಕಾಣಲಿಲ್ಲ. ಅಧ್ಯಯನ ಮುಗಿದ ಒಂದು ವರ್ಷದಲ್ಲಿ ಎರಡೂ ಗುಂಪುಗಳ ಸಕ್ಕರೆ ಒಂದೇ ಮಟ್ಟಕ್ಕೆ ಬಂತು. ಅಷ್ಟಾದರೂ 10 ವರ್ಷಗಳ ಬಳಿಕ, 2008ರಲ್ಲಿ, ಮತ್ತೆ ಲೆಕ್ಕ ತೆಗೆದಾಗ ಮೊದಲಿನ ವರ್ಷಗಳಲ್ಲಿ ಬಿಗಿಯಾಗಿ ನೋಡಿಕೊಂಡವರಲ್ಲಿ ಹೃದಯಾಘಾತವೂ ಸಾವೂ ಕಡಿಮೆಯಿದ್ದವು. ಆರಂಭದ ವರ್ಷಗಳ ಕಾಳಜಿಯನ್ನು ರಕ್ತನಾಳಗಳು ನೆನಪಿಟ್ಟುಕೊಂಡಿದ್ದವು.

ಅದೇ 2008ರಲ್ಲಿ ಇದಕ್ಕೆ ಎದುರಾದಂತೆ ಕಾಣುವ ಇನ್ನೊಂದು ಸುದ್ದಿ ಬಂತು. ಉತ್ತರ ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ, ವರ್ಷಗಳಿಂದ ಮಧುಮೇಹವಿದ್ದು ಹೃದ್ರೋಗವೋ ಅದರ ಹೆಚ್ಚಿನ ಅಪಾಯವೋ ಇದ್ದ 10,251 ಜನರಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟಾಗ, ಆ ಗುಂಪಿನಲ್ಲಿ ಸಾವುಗಳು ಹೆಚ್ಚಿದ್ದರಿಂದ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಎರಡನ್ನೂ ಒಟ್ಟಿಗೆ ಓದಿದರೆ ವಿರೋಧವಿಲ್ಲ. ಹೊಸದಾಗಿ ಪತ್ತೆಯಾದವರು ಬಿಗಿಯಾದ ಗುರಿ ಇಟ್ಟುಕೊಳ್ಳುವುದರಿಂದ ದೊಡ್ಡ ಲಾಭವಿದೆ; ದೀರ್ಘಕಾಲದ ಕಾಯಿಲೆಯಿರುವ, ಹೃದಯ ದುರ್ಬಲವಾಗಿರುವ, ಸಕ್ಕರೆ ಪದೇ ಪದೇ ಕುಸಿಯುವ ಹಿರಿಯರಿಗೆ ಅದೇ ಗುರಿ ಅಪಾಯ ತರಬಹುದು. ಬಹುತೇಕ ವಯಸ್ಕರಿಗೆ 7ರ ಒಳಗೆ, ಕೆಲವರಿಗೆ ಅದಕ್ಕಿಂತ ಬಿಗಿ, ಬಹಳ ಅಶಕ್ತರಾದವರಿಗೆ 8ರ ಆಸುಪಾಸು ಎಂದು ಇಂದು ಗುರಿ ಹಾಕುವುದು ಈ ಅನುಭವದಿಂದಲೇ. ಪರಿಚಿತರ ಅಂಕಿಗೆ ತಮ್ಮ ಅಂಕಿಯನ್ನು ಹೋಲಿಸಿ ಸಮಾಧಾನಪಡುವುದಾಗಲಿ ಗಾಬರಿಗೊಳ್ಳುವುದಾಗಲಿ ಅರ್ಥವಿಲ್ಲದ್ದು.

ಇದೆಲ್ಲಕ್ಕಿಂತ ಹೆಚ್ಚು ಜನರಿಗೆ ತಲುಪಬೇಕಾದ ಅಧ್ಯಯನ ನನ್ನ ದೃಷ್ಟಿಯಲ್ಲಿ ಡೆನ್ಮಾರ್ಕಿನ ಸ್ಟೀನೊ-2. ಅದರಲ್ಲಿ ಇದ್ದವರು ಕೇವಲ 160 ಜನ, ಎಲ್ಲರಿಗೂ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರುವಾಗಿತ್ತು, ಅದು ಮೂತ್ರಪಿಂಡ ಕೆಡುತ್ತಿರುವ ಸೂಚನೆ. ಅರ್ಧದಷ್ಟು ಜನರಿಗೆ ಆಗಿನ ಮಾಮೂಲು ಚಿಕಿತ್ಸೆ. ಉಳಿದವರಿಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಆಹಾರ, ವ್ಯಾಯಾಮ ಇವೆಲ್ಲವನ್ನೂ ಸುಮಾರು 8 ವರ್ಷ ಒಟ್ಟಿಗೆ ಹಿಡಿದು ಚಿಕಿತ್ಸೆ ನಡೆಯಿತು. 2003ರ ಹೊತ್ತಿಗೆ ಎರಡನೆಯ ಗುಂಪಿನಲ್ಲಿ ಹೃದಯ ಮತ್ತು ರಕ್ತನಾಳಗಳ ಅವಘಡಗಳು ಅರ್ಧಕ್ಕೆ ಇಳಿದಿದ್ದವು. 21 ವರ್ಷಗಳ ಹಿಂಬಾಲಿಕೆಯ ನಂತರ ಲೆಕ್ಕ ಹಾಕಿದಾಗ ಅವರು ಮತ್ತೊಂದು ಗುಂಪಿಗಿಂತ 7.9 ವರ್ಷ ಹೆಚ್ಚು ಬದುಕಿದ್ದರು. ಟೈಪ್ 2 ಮಧುಮೇಹಿಗಳ ಜೀವ ತೆಗೆಯುವುದು ಹೆಚ್ಚಾಗಿ ಹೃದಯಾಘಾತ ಮತ್ತು ಪಾರ್ಶ್ವವಾಯು. ಸಕ್ಕರೆಯೊಂದನ್ನೇ ದಿಟ್ಟಿಸುತ್ತ 150ರ ರಕ್ತದೊತ್ತಡವನ್ನು ಕಡೆಗಣಿಸುವುದು, ಕೊಲೆಸ್ಟರಾಲ್ ಇಳಿಸಲು ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಯಾರದೋ ಮಾತು ಕೇಳಿ ನಿಲ್ಲಿಸುವುದು, ಸಿಗರೇಟನ್ನು ಮುಂದುವರಿಸುವುದು ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ರಕ್ತದೊತ್ತಡ 130/80ರ ಒಳಗಿರಲಿ ಎಂಬುದು ಸಾಮಾನ್ಯವಾಗಿ ಹೇಳುವ ಗುರಿ.

ಆಹಾರದ ವಿಷಯದಲ್ಲಿ ಗದ್ದಲವೇ ಹೆಚ್ಚು. ಮಧುಮೇಹಕ್ಕೆಂದೇ ಇರುವ ಒಂದೇ ಒಂದು ಸರಿಯಾದ ಆಹಾರ ಕ್ರಮ ಇಲ್ಲ. ಹಿಟ್ಟಿನಂಶ ಕಡಿಮೆಯಿರುವ ಕ್ರಮವೂ, ಕೊಬ್ಬು ಕಡಿಮೆಯಿರುವ ಕ್ರಮವೂ, ಬೇಳೆಕಾಳು–ತರಕಾರಿ ಪ್ರಧಾನವಾದ ಕ್ರಮವೂ ಫಲ ಕೊಟ್ಟಿವೆ. ವರ್ಷಗಟ್ಟಲೆ ಪಾಲಿಸಲು ಆಗುವುದು ಯಾವುದೋ ಅದೇ ಆ ವ್ಯಕ್ತಿಗೆ ಒಳ್ಳೆಯದು. ಇವೆಲ್ಲಕ್ಕೂ ಸಮಾನವಾದ ಕೆಲವು ಅಂಶಗಳಿವೆ. ಸಿಹಿ ಪಾನೀಯಗಳು ಮೊದಲು ಹೋಗಬೇಕು, ಏಕೆಂದರೆ ದ್ರವರೂಪದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ರಕ್ತಕ್ಕೆ ಮಾತ್ರ ಬೇಗ ಸೇರುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನುವುದಕ್ಕೂ ಅದರ ರಸ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಇದೇ. ಸಕ್ಕರೆಯ ಬದಲು ಜೇನು ಬಳಸಿದರೆ ರಕ್ತಕ್ಕೆ ದೊಡ್ಡ ಭೇದವೇನೂ ತಿಳಿಯುವುದಿಲ್ಲ. ನಯವಾಗಿ ಸಂಸ್ಕರಿಸಿದ ಧಾನ್ಯಕ್ಕಿಂತ ತೌಡು ಉಳಿದ ಇಡೀ ಧಾನ್ಯ ಮೇಲು, ಆದರೆ ಅದರಲ್ಲಿಯೂ ಪಿಷ್ಟವಿದೆ. ಒಳ್ಳೆಯ ಧಾನ್ಯವೆಂದು ಎರಡು ಪಟ್ಟು ತಿಂದರೆ ಲಾಭ ಕರಗಿಹೋಗುತ್ತದೆ. ತಟ್ಟೆಯ ಅರ್ಧ ಭಾಗ ಪಿಷ್ಟ ಕಡಿಮೆಯಿರುವ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ ಎಂಬ ಸರಳ ಅಳತೆಗೆ ತಕ್ಕಡಿಯೂ ಬೇಡ, ಕ್ಯಾಲೊರಿ ಪಟ್ಟಿಯೂ ಬೇಡ.

ವ್ಯಾಯಾಮದ ಪ್ರಯೋಜನ ಕ್ಯಾಲೊರಿ ಕರಗಿಸುವುದಷ್ಟೇ ಎಂದು ತಿಳಿದವರು ಅದರ ಅರ್ಧ ಮಹತ್ವವನ್ನು ಕಳೆದುಕೊಳ್ಳುತ್ತಾರೆ. ಊಟದ ನಂತರದ ಗ್ಲೂಕೋಸಿನ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳು. ಕೆಲಸದಲ್ಲಿ ತೊಡಗಿದ ಸ್ನಾಯು ಗ್ಲೂಕೋಸ್ ಸಾಗಿಸುವ ಗ್ಲುಟ್-4 ಎಂಬ ಪ್ರೋಟೀನನ್ನು ಇನ್ಸುಲಿನ್ನಿನ ನೆರವಿಲ್ಲದೆಯೇ ತನ್ನ ಕೋಶದ ಹೊರಪದರಕ್ಕೆ ತಂದು ನಿಲ್ಲಿಸುತ್ತದೆ. ಇನ್ಸುಲಿನ್ ಸೋತ ಕಡೆ ನಡಿಗೆ ಬೇರೊಂದು ಬಾಗಿಲನ್ನು ತೆರೆಯುತ್ತದೆ. ಈ ಪರಿಣಾಮ ಒಂದೆರಡು ದಿನ ಉಳಿದು ಮಾಸುವುದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಎನ್ನುತ್ತಾರೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯ ಜೊತೆಗೆ ಎರಡು–ಮೂರು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು, ವಯಸ್ಸಾದವರಿಗಂತೂ ಇದು ಬಹಳ ಮುಖ್ಯ. ಊಟದ ಬಳಿಕ ಹತ್ತು–ಹದಿನೈದು ನಿಮಿಷ ನಡೆದು ಸಕ್ಕರೆ ನೋಡಿಕೊಂಡವರಿಗೆ ಇದನ್ನು ಬೇರೆ ಯಾರೂ ನಂಬಿಸಬೇಕಾಗಿಲ್ಲ.

ಮಧುಮೇಹವನ್ನು ಬುಡಸಮೇತ ವಾಸಿ ಮಾಡುತ್ತೇವೆಂಬ ಜಾಹೀರಾತುಗಳು ಇಂದು ಎಲ್ಲೆಡೆ ಕಾಣುತ್ತವೆ. ಇವುಗಳ ನಡುವೆ ನಿಜವಾದ ಒಂದು ಭರವಸೆಯೂ ಇದೆ, ಎರಡನ್ನೂ ಬೇರ್ಪಡಿಸಿ ನೋಡಬೇಕು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಕಳೆದ 6 ವರ್ಷಗಳ ಒಳಗೆ ಮಧುಮೇಹ ಪತ್ತೆಯಾದ, ಇನ್ಸುಲಿನ್ ತೆಗೆದುಕೊಳ್ಳದ 306 ಜನರಿದ್ದರು. ಅರ್ಧದಷ್ಟು ಜನರಿಗೆ 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು, ಮಧುಮೇಹದ ಮಾತ್ರೆಗಳನ್ನು ನಿಲ್ಲಿಸಲಾಯಿತು. ಒಂದು ವರ್ಷದ ಕೊನೆಗೆ ಅವರಲ್ಲಿ ಶೇಕಡಾ 46ರಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯ ಕೆಳಗಿತ್ತು. 15 ಕಿಲೋ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಇದು ಶೇಕಡಾ 86. ಯಕೃತ್ತು ಮತ್ತು ಮೇದೋಜೀರಕದ ಕೊಬ್ಬು ಇಳಿದಾಗ, ಸತ್ತವೆಂದು ಭಾವಿಸಿದ್ದ ಬೀಟಾ ಕೋಶಗಳಲ್ಲಿ ಒಂದಷ್ಟು ಮತ್ತೆ ಎಚ್ಚರಗೊಂಡವು. ಇದನ್ನು ವೈದ್ಯರು ವಾಸಿ ಎನ್ನದೆ ಉಪಶಮನ ಎನ್ನುತ್ತಾರೆ: ಔಷಧಿ ನಿಲ್ಲಿಸಿ ಕನಿಷ್ಠ 3 ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ರ ಕೆಳಗಿರಬೇಕು ಎಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ವ್ಯಾಖ್ಯಾನಿಸಿದರು. ಎರಡನೆಯ ವರ್ಷದ ಕೊನೆಗೆ ಡೈರೆಕ್ಟ್‌ನಲ್ಲಿ ಉಪಶಮನ ಉಳಿದದ್ದು ಶೇಕಡಾ 36 ಜನರಲ್ಲಿ. ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ. ಕಾಯಿಲೆ ಹಳೆಯದಾದಷ್ಟೂ ಸಾಧ್ಯತೆ ಕುಗ್ಗುತ್ತದೆ. ವೈದ್ಯರ ಗಮನಕ್ಕೆ ತಾರದೆ ಮಾತ್ರೆ ನಿಲ್ಲಿಸಿ ಕಷಾಯವನ್ನೋ ಪುಡಿಯನ್ನೋ ನಂಬಿ ಕೂತವರು ಕಣ್ಣು, ಮೂತ್ರಪಿಂಡ ಕೆಟ್ಟ ಮೇಲೆ ಆಸ್ಪತ್ರೆಗೆ ಬರುವುದು ಅತ್ಯಂತ ನೋವಿನ ಸಂಗತಿ.

ಔಷಧಿಗಳಲ್ಲಿ ಮೆಟ್‌ಫಾರ್ಮಿನ್ ಹಳೆಯದು. ಯುರೋಪಿನ ಗಲೀಗಾ ಎಂಬ ಗಿಡದಲ್ಲಿ ಕಂಡ ರಾಸಾಯನಿಕದ ಜಾಡು ಹಿಡಿದು ಬಂದ ಈ ಔಷಧಿಯನ್ನು ಫ್ರೆಂಚ್ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಮಧುಮೇಹಕ್ಕೆ ಬಳಸಿ ವರದಿ ಮಾಡಿದರು. ಮುಖ್ಯವಾಗಿ ಅದು ಯಕೃತ್ತಿನ ಅತಿ ಉತ್ಪಾದನೆಯನ್ನು ತಗ್ಗಿಸುತ್ತದೆ. ಆರಂಭದಲ್ಲಿ ಹೊಟ್ಟೆ ಕೆಡುವುದು ಸಾಮಾನ್ಯ. ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ಊಟದೊಂದಿಗೆ ತೆಗೆದುಕೊಂಡರೆ ಬಹುತೇಕರಿಗೆ ಒಗ್ಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆಯಾಗಬಹುದು, ಅದರಿಂದ ಆಗುವ ಕಾಲಿನ ಜೋಮನ್ನು ಮಧುಮೇಹದ ನರದೋಷವೆಂದು ತಪ್ಪು ತಿಳಿಯುವ ಅಪಾಯವಿದೆ. ಮಾತ್ರೆಯಿಂದ ಮೂತ್ರಪಿಂಡ ಕೆಡುತ್ತದೆ ಎಂಬ ಭಯ ವ್ಯಾಪಕವಾಗಿದೆ. ನಿಜವೆಂದರೆ ಮೂತ್ರಪಿಂಡವನ್ನು ಕೆಡಿಸುವುದು ಹತೋಟಿಯಿಲ್ಲದ ಸಕ್ಕರೆ ಮತ್ತು ರಕ್ತದೊತ್ತಡ. ಮೂತ್ರಪಿಂಡ ಈಗಾಗಲೇ ಬಹಳ ಕುಂದಿದ್ದರೆ ಮಾತ್ರ ಮೆಟ್‌ಫಾರ್ಮಿನ್ ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು.

ದೊಡ್ಡ ತಿರುವು ಬಂದದ್ದು 2015ರಲ್ಲಿ. ಮೂತ್ರದ ಮೂಲಕ ಗ್ಲೂಕೋಸನ್ನು ಹೊರಹಾಕುವ ಎಂಪಾಗ್ಲಿಫ್ಲೋಜಿನ್ ಎಂಬ ಔಷಧಿ, ಹೃದ್ರೋಗವಿದ್ದ ಮಧುಮೇಹಿಗಳಲ್ಲಿ ಹೃದಯ ಸಂಬಂಧಿ ಸಾವನ್ನು ಶೇಕಡಾ 38ರಷ್ಟು ಇಳಿಸಿತು. ಸಕ್ಕರೆಯಲ್ಲಿ ಆದ ಅಲ್ಪ ಇಳಿಕೆಯಿಂದ ಇಷ್ಟು ಲಾಭವನ್ನು ವಿವರಿಸಲಾಗದು. ಈ ಗುಂಪಿನ ಔಷಧಿಗಳು ಮೂತ್ರಪಿಂಡವನ್ನೂ ಕಾಯುತ್ತವೆ ಎಂಬುದು ಮುಂದೆ ಸಾಬೀತಾಯಿತು. ಸೆಮಾಗ್ಲುಟೈಡ್‌ನಂಥ ಜಿಎಲ್‌ಪಿ-1 ಔಷಧಿಗಳು ಹಸಿವನ್ನು ತಗ್ಗಿಸಿ ತೂಕ ಇಳಿಸುತ್ತವೆ. ಅವುಗಳಲ್ಲಿ ಕೆಲವು ಹೃದಯಾಘಾತ, ಪಾರ್ಶ್ವವಾಯುಗಳನ್ನೂ ತಗ್ಗಿಸಿವೆ. ಹಾಗಾಗಿ ಯಾವ ಮಾತ್ರೆ ಎಷ್ಟು ಸಕ್ಕರೆ ಇಳಿಸುತ್ತದೆ ಎಂಬುದಕ್ಕಿಂತ, ರೋಗಿಯ ಹೃದಯ, ಮೂತ್ರಪಿಂಡ, ತೂಕ ಹೇಗಿವೆ ಎಂದು ನೋಡಿ ಔಷಧಿ ಆರಿಸುವ ಕಾಲ ಬಂದಿದೆ. ಅಡ್ಡ ಪರಿಣಾಮಗಳೂ ಇವೆ: ಎಂಪಾಗ್ಲಿಫ್ಲೋಜಿನ್ ಗುಂಪಿನಿಂದ ಜನನಾಂಗದ ಶಿಲೀಂಧ್ರ ಸೋಂಕು, ಅಪರೂಪಕ್ಕೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂಬ ಅಪಾಯಕರ ಸ್ಥಿತಿ. ಆದ್ದರಿಂದ ವಾಂತಿಭೇದಿಯ ದಿನಗಳಲ್ಲಿ ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ನಿಲ್ಲಿಸಬೇಕಾಗುತ್ತದೆ.

ಇನ್ಸುಲಿನ್ ಚುಚ್ಚುಮದ್ದು ಎಂದೊಡನೆ ಎಲ್ಲ ಮುಗಿಯಿತೆಂದು ಭಾವಿಸುವವರಿದ್ದಾರೆ. ವರ್ಷಗಳು ಕಳೆದಂತೆ ಬೀಟಾ ಕೋಶಗಳು ಕುಗ್ಗುವುದು ಈ ಕಾಯಿಲೆಯ ಸಹಜ ಗತಿ. ಇನ್ಸುಲಿನ್ ಬೇಕಾಯಿತೆಂದರೆ ಯಾರೂ ಸೋತರೆಂದು ಅರ್ಥವಲ್ಲ. ಆದರೆ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮತ್ತು ಅವರ ಮನೆಯವರು ಸಕ್ಕರೆ ಕುಸಿಯುವ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಂಡಿರಬೇಕು: ನಡುಕ, ಬೆವರು, ಎದೆಬಡಿತ, ತಡೆಯಲಾಗದ ಹಸಿವು, ಮಾತಿನಲ್ಲಿ ಗೊಂದಲ. 70ರ ಕೆಳಗಿಳಿದರೆ 15 ಗ್ರಾಂನಷ್ಟು ಗ್ಲೂಕೋಸ್ ಅಥವಾ ಸಕ್ಕರೆ ಬಾಯಿಗೆ ಹಾಕಿಕೊಂಡು, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ವೈದ್ಯರ ನೆರವು ಬೇಕು.

ಸದ್ದಿಲ್ಲದೆ ಬರುವ ಹಾನಿಯನ್ನು ಹುಡುಕಿಕೊಂಡೇ ಹೋಗಬೇಕು. ಅಕ್ಷಿಪಟಲ ಬಹಳಷ್ಟು ಕೆಟ್ಟಿದ್ದರೂ ದೃಷ್ಟಿ ಚೆನ್ನಾಗಿಯೇ ಇರಬಹುದು, ಆದ್ದರಿಂದ ಪತ್ತೆಯಾದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಣ್ಣಿನ ಒಳಪರೀಕ್ಷೆ ಆಗಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಕೂಡ ವರ್ಷಕ್ಕೊಮ್ಮೆ. ಪಾದಗಳನ್ನು ಪ್ರತಿದಿನ ಮನೆಯಲ್ಲೇ, ಬೆರಳ ಸಂದಿನಿಂದ ಅಂಗಾಲಿನವರೆಗೆ, ಕಣ್ಣಿನಿಂದ ನೋಡಬೇಕು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಚಪ್ಪಲಿಯೊಳಗಿನ ಕಲ್ಲೂ ಗೊತ್ತಾಗುವುದಿಲ್ಲ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 2022ರಲ್ಲಿ ಸುಮಾರು 82.8 ಕೋಟಿ ವಯಸ್ಕರಿಗೆ ಮಧುಮೇಹವಿತ್ತು; 30 ವರ್ಷ ಮೇಲ್ಪಟ್ಟ ಮಧುಮೇಹಿಗಳಲ್ಲಿ ಶೇಕಡಾ 59ರಷ್ಟು ಜನರಿಗೆ, ಅಂದರೆ ಸುಮಾರು 44.5 ಕೋಟಿ ಮಂದಿಗೆ, ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರಲ್ಲಿ ಬಹಳ ಮಂದಿಗೆ ಕಾಯಿಲೆ ಇರುವುದೇ ಗೊತ್ತಿಲ್ಲ. ಕಾಯಿಲೆ ಪತ್ತೆಯಾಗುವ ಮೊದಲಿನ ವರ್ಷಗಳಲ್ಲಿ ಏನು ಮಾಡಬಹುದು ಎಂಬುದಕ್ಕೆ ಚೀನಾದ ಡಾಚಿಂಗ್ ನಗರದ ಅನುಭವ ನಮ್ಮ ಮುಂದಿದೆ. ಅಲ್ಲಿ 1986ರಲ್ಲಿ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದವರಿಗೆ 6 ವರ್ಷ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಡಲಾಯಿತು. 30 ವರ್ಷಗಳ ನಂತರ ನೋಡಿದಾಗ, ಮಾರ್ಗದರ್ಶನ ಪಡೆದವರಲ್ಲಿ ಮಧುಮೇಹ ಸುಮಾರು 4 ವರ್ಷ ತಡವಾಗಿ ಬಂದಿತ್ತು, ಹೃದಯದ ತೊಂದರೆಗಳೂ ಸಾವುಗಳೂ ಕಡಿಮೆಯಾಗಿದ್ದವು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ಅಧ್ಯಯನ 2002ರಲ್ಲಿ ಇನ್ನೂ ಸ್ಪಷ್ಟವಾಗಿ ತೋರಿಸಿತು: ಶೇಕಡಾ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಗಿತ್ತು, ಮೆಟ್‌ಫಾರ್ಮಿನ್ ಪಡೆದವರಲ್ಲಿ ಶೇಕಡಾ 31ರಷ್ಟು. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಟೈಪ್ 2 ಮಧುಮೇಹ ಪತ್ತೆಯಾದಾಗ, ಅವರ ಒಡಹುಟ್ಟಿದವರೂ ಬೆಳೆದ ಮಕ್ಕಳೂ ಯಾವ ಲಕ್ಷಣ ಇರಲಿ ಬಿಡಲಿ ಆ ತಿಂಗಳೇ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ಮಹಿಳೆಯರು ಹೆರಿಗೆಯ ನಂತರವೂ ಆಗಾಗ ಇದನ್ನು ಮಾಡಿಸುತ್ತಿರಬೇಕು.